ಮೆಕ್ಕೆಜೋಳದ ಬ್ರೆಡ್ಡು: ಡಬ್ಬಿ ನೋಡಿ ಮೋಸ ಹೋಗಬೇಡಿ

ನಿವೃತ್ತ ಶಿಕ್ಷಕಿಯೊಬ್ಬರು ಹತ್ತು ವರ್ಷಗಳಿಂದ ನನ್ನಲ್ಲಿ ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಬಹಳ ಶಿಸ್ತಿನವರು. ಮಾತ್ರೆ ತಪ್ಪಿಸುವುದಿಲ್ಲ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿ ಆರು ತಿಂಗಳಿದ್ದು ಬಂದರು. ಬಂದ ಮೇಲಿನ ಮೊದಲ ಪರೀಕ್ಷೆ ಚೆನ್ನಾಗಿಯೇ ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿ ಎ1ಸಿ 7.1 ಇತ್ತು. ಮುಂದಿನ ಸಲ ನೋಡಿದರೆ 8.9!

"ಡಾಕ್ಟ್ರೇ, ನಾನು ಏನೂ ತಪ್ಪು ಮಾಡಿಲ್ಲ. ಬೆಳಿಗ್ಗೆ ಇಡ್ಲಿ, ದೋಸೆ ಎಲ್ಲಾ ಬಿಟ್ಟೆ. ಬರೀ ಮೆಕ್ಕೆಜೋಳದ ಬ್ರೆಡ್ಡು ತಿಂತಿದ್ದೀನಿ. ಅಲ್ಲಿ ಸೊಸೆ ಹತ್ತಿರ ಕಲಿತು ಬಂದೆ. ಜೋಳ ಸಕ್ಕರೆ ಕಾಯಿಲೆಗೆ ಒಳ್ಳೇದಲ್ವಾ?" ಎಂದರು.

"ಯಾವ ಹಿಟ್ಟು ಹಾಕ್ತೀರಿ ಮೇಡಂ? ನಾಳೆ ಆ ಪೊಟ್ಟಣ ತಗೊಂಡು ಬನ್ನಿ" ಎಂದೆ.

ಮರುದಿನ ತಂದರು. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೇಳಿದರೆ ಕೊಡುವ ಬಿಳಿ ಪುಡಿಯ ಡಬ್ಬಿ. ಗೋಬಿ ಮಂಚೂರಿಗೆ, ಸೂಪು ಗಟ್ಟಿಯಾಗಲು, ಕಸ್ಟರ್ಡಿಗೆ ಹಾಕುವಂಥದ್ದು. ಅದೊಂದನ್ನೇ ಹಾಕಿದಾಗ ಬ್ರೆಡ್ಡು ಗೋಂದಿನಂತಾಯಿತಂತೆ. ಹಾಗಾಗಿ ಅದಕ್ಕೆ ಒಂದೂವರೆ ಪಟ್ಟು ಮೈದಾ ಸೇರಿಸಿದರು. ಮೊಮ್ಮಗನಿಗೆ ರುಚಿಸಲಿ ಎಂದು ಅರ್ಧ ಬಟ್ಟಲು ಸಕ್ಕರೆ ಬೇರೆ. ಅಂದರೆ ಮೂರು ತಿಂಗಳು ಅವರು ತಿಂದದ್ದು ಪಿಷ್ಟ, ಮೈದಾ ಮತ್ತು ಸಕ್ಕರೆ. ಮೆಕ್ಕೆಜೋಳ ಎಂಬುದು ಹೆಸರಿಗೆ ಮಾತ್ರ.

ಇದು ಅವರೊಬ್ಬರ ತಪ್ಪಲ್ಲ. ಈಚೆಗೆ ಇದೇ ಬಗೆಯ ಪ್ರಶ್ನೆಗಳನ್ನು ಇನ್ನೂ ನಾಲ್ಕೈದು ಮಂದಿ ಕೇಳಿದ್ದಾರೆ. ವಿದೇಶದಲ್ಲಿರುವ ಮಕ್ಕಳ ಮನೆಯಿಂದ ಓವನ್ನು, ಮಫಿನ್ ತಟ್ಟೆ, ಪಾಕವಿಧಾನ ಎಲ್ಲವೂ ನಮ್ಮ ಅಡುಗೆಮನೆಗೆ ಬಂದಿವೆ. ಆದ್ದರಿಂದ ಈ ವಾರ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಹಿಟ್ಟು ಬೇರೆ, ಪಿಷ್ಟ ಬೇರೆ

ಮೈಸೂರು ಕಡೆ ಮುಸುಕಿನ ಜೋಳ, ದಾವಣಗೆರೆ ಕಡೆ ಮೆಕ್ಕೆಜೋಳ, ಧಾರವಾಡದ ಕಡೆ ಗೋವಿನಜೋಳ ಎನ್ನುವುದೆಲ್ಲ ಒಂದೇ ಕಾಳು. ರೊಟ್ಟಿ ಬಡಿಯುವ ಬಿಳಿಜೋಳ ಬೇರೆಯದೇ ಧಾನ್ಯ. ಒಣಗಿದ ಮೆಕ್ಕೆಜೋಳವನ್ನು ಗಿರಣಿಯಲ್ಲಿ ಬೀಸಿದರೆ ಬರುವುದು ಹಳದಿ ಹಿಟ್ಟು. ಅದರಲ್ಲಿ ಸಿಪ್ಪೆ, ಮೊಳಕೆಯ ಭಾಗ, ಪಿಷ್ಟ ಎಲ್ಲವೂ ಇರುತ್ತವೆ. ನೂರು ಗ್ರಾಂ ಕಾಳಿನಲ್ಲಿ 8ರಿಂದ 9 ಗ್ರಾಂ ಪ್ರೋಟೀನು, ಸುಮಾರು 12 ಗ್ರಾಂ ನಾರು, ಸ್ವಲ್ಪ ಎಣ್ಣೆಯ ಅಂಶ ಇದೆ. ಹಳದಿ ಬಣ್ಣ ಬರುವುದು ಕ್ಯಾರೊಟಿನ್ ಜಾತಿಯ ವಸ್ತುಗಳಿಂದ.

ಬಿಳಿ ಡಬ್ಬಿಯ ಕಾರ್ನ್‌ಫ್ಲೋರ್ ಅದೇ ಕಾಳಿನಿಂದ ನಾರು, ಪ್ರೋಟೀನು, ಎಣ್ಣೆ ಎಲ್ಲವನ್ನೂ ತೊಳೆದು ತೆಗೆದ ಮೇಲೆ ಉಳಿಯುವ ಬರೀ ಪಿಷ್ಟ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಶರ್ಕರಪಿಷ್ಟವೇ. ಹೊಟ್ಟೆಗೆ ಹೋದರೆ ಬೇಗ ಗ್ಲೂಕೋಸ್ ಆಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಕಾರ್ನ್‌ಸ್ಟಾರ್ಚ್ ಎನ್ನುತ್ತಾರೆ, ಬ್ರೆಡ್ಡಿಗೆ ಬಳಸುವ ಹಿಟ್ಟಿಗೆ ಕಾರ್ನ್‌ಮೀಲ್ ಎನ್ನುತ್ತಾರೆ. ನಮ್ಮ ಅಂಗಡಿಗಳಲ್ಲಿ ಹೆಸರು ಅದಲುಬದಲಾಗಿ ಈ ಗೊಂದಲ ಹುಟ್ಟಿದೆ. ನೀವು ಕೇಳಬೇಕಾದದ್ದು ಮೆಕ್ಕೆಜೋಳದ ಹಿಟ್ಟು ಅಥವಾ ಮಕ್ಕಿ ಆಟಾ. ಬಣ್ಣ ಹಳದಿ ಇರಬೇಕು, ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಯಂತೆ ತರಿ ಸಿಗಬೇಕು. ಬೆರಳಿಗೆ ಟಾಲ್ಕಂ ಪೌಡರಿನಂತೆ ಅಂಟಿ ಕಿರುಗುಟ್ಟಿದರೆ ಅದು ಪಿಷ್ಟ. ತರಿಯಾದ ಹಿಟ್ಟು ನುಣ್ಣನೆಯ ಹಿಟ್ಟಿಗಿಂತ ನಿಧಾನವಾಗಿ ಜೀರ್ಣವಾಗುತ್ತದೆ ಎಂಬುದೂ ಸಕ್ಕರೆ ಕಾಯಿಲೆಯವರಿಗೆ ಲಾಭವೇ.

ಬ್ರೆಡ್ಡು ಮಾಡುವ ಬಗೆ

ವೈದ್ಯನಿಗೆ ಅಡುಗೆ ಹೇಳುವ ಉಸಾಬರಿ ಯಾಕೆ ಎನ್ನಬೇಡಿ. ಅಳತೆ ಗೊತ್ತಿಲ್ಲದೆ ಪಥ್ಯ ಹೇಳಲಾಗದು. ನಮ್ಮ ಮನೆಯಲ್ಲಿ ನನ್ನ ಪತ್ನಿ ನಾಲ್ಕು ಸಲ ಮಾಡಿ ನೋಡಿದ ಮೇಲೆ ನಿಂತ ಅಳತೆ ಇದು.

ಒಂದು ಅಳತೆ ಬಟ್ಟಲು (240 ಮಿ.ಲೀ.) ಮೆಕ್ಕೆಜೋಳದ ಹಿಟ್ಟು, ಒಂದು ಬಟ್ಟಲು ಗೋಧಿ ಹಿಟ್ಟು, ಒಂದು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡ, ಕಾಲು ಟೀ ಚಮಚ ಉಪ್ಪು. ಇವನ್ನೆಲ್ಲ ಎರಡು ಸಲ ಜರಡಿ ಹಿಡಿಯಿರಿ, ಜರಡಿಯಲ್ಲಿ ಉಳಿದ ತರಿ ಮತ್ತು ತೌಡನ್ನು ಮತ್ತೆ ಹಿಟ್ಟಿಗೇ ಸೇರಿಸಿ. ಇನ್ನೊಂದು ಪಾತ್ರೆಯಲ್ಲಿ ಒಂದು ಮೊಟ್ಟೆ, ಒಂದೂಕಾಲು ಬಟ್ಟಲು ಹುಳಿ ಮಜ್ಜಿಗೆ, ಕಾಲು ಬಟ್ಟಲು ಎಣ್ಣೆ ಕಲಕಿ. ಎರಡನ್ನೂ ಕೂಡಿಸಿ ಚಮಚದಿಂದ ಹದಿನೈದಿಪ್ಪತ್ತು ಸಲ ತಿರುವಿದರೆ ಸಾಕು. ಗಂಟು ಉಳಿದರೆ ಉಳಿಯಲಿ. ಚಪಾತಿ ಹಿಟ್ಟಿನಂತೆ ನಾದುತ್ತಾ ಕೂತರೆ ಗೋಧಿಯ ಅಂಟು ಎದ್ದು ಬ್ರೆಡ್ಡು ರಬ್ಬರಿನಂತಾಗುತ್ತದೆ.

ಎಣ್ಣೆ ಸವರಿದ ತಟ್ಟೆಗೆ ಸುರಿದು, ಮೊದಲೇ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟ ಓವನ್ನಿನಲ್ಲಿ 20ರಿಂದ 25 ನಿಮಿಷ ಬೇಯಿಸಿ. ನಡುವೆ ಊದುಬತ್ತಿ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಇದೇ ಹಿಟ್ಟನ್ನು ಮಫಿನ್ ಗುಳಿಗಳಲ್ಲಿ ಮುಕ್ಕಾಲು ಭಾಗ ತುಂಬಿದರೆ 15ರಿಂದ 18 ನಿಮಿಷಕ್ಕೆ ಬೇಯುತ್ತದೆ. ಸಣ್ಣ ಹೆಚ್ಚಿದ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ, ಒಂದು ಹಿಡಿ ಮೆಂತ್ಯ ಸೊಪ್ಪು ಸೇರಿಸಿದರೆ ಸಕ್ಕರೆ ಇಲ್ಲದ್ದು ಯಾರಿಗೂ ಗೊತ್ತಾಗದು. ಮೊಟ್ಟೆ ತಿನ್ನದವರು ಅದರ ಬದಲು ಕಾಲು ಬಟ್ಟಲು ಗಟ್ಟಿ ಮೊಸರು ಹಾಕಬಹುದು, ಸ್ವಲ್ಪ ಹೆಚ್ಚು ಉದುರುತ್ತದೆ ಅಷ್ಟೆ.

ಯೀಸ್ಟ್ ಯಾಕೆ ಹಾಕುವುದಿಲ್ಲ ಎಂದು ನೀವು ಕೇಳಬಹುದು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನು ಇದೆ. ಅದು ಬಲೆಯಂತೆ ಹರಡಿ ಯೀಸ್ಟ್ ಬಿಡುವ ಗಾಳಿಯನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ಮೆಕ್ಕೆಜೋಳದ ಪ್ರೋಟೀನಿಗೆ ಆ ಗುಣವಿಲ್ಲ. ಹಾಗಾಗಿ ಇಲ್ಲಿ ಮಜ್ಜಿಗೆಯ ಹುಳಿ ಮತ್ತು ಸೋಡ ಸೇರಿ ತಕ್ಷಣ ಇಂಗಾಲದ ಡೈ ಆಕ್ಸೈಡ್ ಹೊರಡಿಸಬೇಕು, ಅದು ಹೋಗುವ ಮೊದಲೇ ಹಿಟ್ಟು ಬೆಂದು ಗಟ್ಟಿಯಾಗಬೇಕು. ಕಲಸಿಟ್ಟು ಟಿ.ವಿ. ನೋಡಲು ಹೋದಿರೋ, ಬ್ರೆಡ್ಡು ಚಪ್ಪಟೆ.

ಓವನ್ ಇಲ್ಲದವರು ಹಳೆಯ ದಪ್ಪ ತಳದ ಪಾತ್ರೆಗೆ ಒಂದಂಗುಲ ಮರಳು ಹಾಕಿ, ಅದರ ಮೇಲೆ ಸ್ಟ್ಯಾಂಡಿಟ್ಟು, ಹತ್ತು ನಿಮಿಷ ಕಾಯಿಸಿ, ತಟ್ಟೆ ಇಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. 40 ನಿಮಿಷದವರೆಗೆ ಹಿಡಿಯುತ್ತದೆ. ಕುಕ್ಕರಿನಲ್ಲೇ ಮಾಡುವುದಿದ್ದರೆ ಗ್ಯಾಸ್ಕೆಟ್ಟು ಮತ್ತು ವೆಯ್ಟು ಎರಡನ್ನೂ ತೆಗೆದಿಡಿ. ಇದನ್ನು ಮರೆತು ಕೈ ಮುಖ ಸುಟ್ಟುಕೊಂಡು ಬಂದವರಿಗೆ ನಾನು ಪಟ್ಟಿ ಕಟ್ಟಿದ್ದೇನೆ.

ಲೆಕ್ಕ ಹೀಗಿದೆ

ಮೇಲಿನ ಅಳತೆಯ ಬ್ರೆಡ್ಡನ್ನು ಎಂಟು ತುಂಡು ಮಾಡಿದರೆ ಒಂದೊಂದರಲ್ಲಿ ಸುಮಾರು 180ರಿಂದ 200 ಕ್ಯಾಲೊರಿ. ಅದರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಎಣ್ಣೆಯಿಂದಲೇ ಬಂದದ್ದು. ಸಕ್ಕರೆ ಕಾಯಿಲೆಯವರು ಬೆಳಗಿನ ತಿಂಡಿಗೆ ಒಂದು ತುಂಡು, ಹೆಚ್ಚೆಂದರೆ ಒಂದೂವರೆ ತುಂಡು ತಿನ್ನಬಹುದು. ಜೊತೆಗೆ ಕಾಳಿನ ಪಲ್ಯವೋ ಮೊಸರೋ ಇರಬೇಕು. ಅನ್ನ, ಚಪಾತಿಯ ಬದಲಿಗೆ ಇದೇ ಹೊರತು, ಅವುಗಳ ಜೊತೆಗೆ ಇದೂ ಅಲ್ಲ. ಮೆಕ್ಕೆಜೋಳ ಸಕ್ಕರೆ ಇಳಿಸುವ ಔಷಧಿಯಲ್ಲ. ಅದೂ ಒಂದು ಧಾನ್ಯ, ಅದರಲ್ಲೂ ಪಿಷ್ಟವಿದೆ. ಸರಿಯಾದ ಹಿಟ್ಟು ತಂದು ನಾಲ್ಕು ತುಂಡು ತಿಂದರೂ ಸಕ್ಕರೆ ಏರುತ್ತದೆ.

ಅಮೆರಿಕದ ಪಾಕವಿಧಾನವನ್ನು ಕಣ್ಣು ಮುಚ್ಚಿ ಅನುಸರಿಸುವವರಿಗೆ ಒಂದು ಮಾತು. ಅಲ್ಲಿ ಎರಡು ಸಂಪ್ರದಾಯಗಳಿವೆ. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳಲ್ಲಿ ಕಾರ್ನ್‌ಬ್ರೆಡ್ಡಿಗೆ ಸಕ್ಕರೆ ಹಾಕುವುದನ್ನು ಅಪಚಾರ ಎಂದೇ ಎಣಿಸುತ್ತಾರೆ. ಮಜ್ಜಿಗೆ, ಜೋಳದ ಹಿಟ್ಟು, ಕಾದ ಕಬ್ಬಿಣದ ಬಾಣಲೆ, ಅಷ್ಟೆ. ಉತ್ತರದವರು ಮೈದಾ ಮತ್ತು ಸಕ್ಕರೆ ಧಾರಾಳವಾಗಿ ಸೇರಿಸುತ್ತಾರೆ. ಅವರ ಕಾರ್ನ್ ಮಫಿನ್ ಹೆಚ್ಚುಕಡಿಮೆ ಕೇಕೇ. ಮೆಸಾಚುಸೆಟ್ಸ್ ರಾಜ್ಯ 1986ರಲ್ಲಿ ಅದನ್ನು ತನ್ನ ಅಧಿಕೃತ ರಾಜ್ಯ ಮಫಿನ್ ಎಂದೇ ಘೋಷಿಸಿತು. ಸಕ್ಕರೆ ಕಾಯಿಲೆಯವರು ದಕ್ಷಿಣದವರ ಪಕ್ಷ ಸೇರುವುದು ಕ್ಷೇಮ.

ರಕ್ತದೊತ್ತಡದವರು ಉಪ್ಪನ್ನು ಮಾತ್ರ ಲೆಕ್ಕ ಹಾಕಿ ಸೋಡವನ್ನು ಮರೆಯುತ್ತಾರೆ. ಒಂದು ಟೀ ಚಮಚ ಅಡುಗೆ ಸೋಡದಲ್ಲಿ ಸುಮಾರು 1,250 ಮಿಲಿಗ್ರಾಂ ಸೋಡಿಯಂ ಇದೆ, ಅಂದರೆ ಅರ್ಧ ಚಮಚಕ್ಕೂ ಮಿಗಿಲಾದ ಉಪ್ಪಿಗೆ ಸಮ. ಬೇಕಿಂಗ್ ಪೌಡರಿನಲ್ಲಿಯೂ ಒಂದು ಚಮಚಕ್ಕೆ 400ರಿಂದ 500 ಮಿಲಿಗ್ರಾಂ. ದಿನಕ್ಕೆ ಒಟ್ಟು 2,000 ಮಿಲಿಗ್ರಾಂ ಸೋಡಿಯಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾನು ಹೇಳಿದ ಅಳತೆಯಲ್ಲಿ ಒಂದು ತುಂಡಿಗೆ ಸುಮಾರು 200 ಮಿಲಿಗ್ರಾಂ ಬರುತ್ತದೆ. ಮೆತ್ತಗಾಗಲಿ ಎಂದು ಸೋಡ ಇಮ್ಮಡಿ ಮಾಡಿದರೆ ಸೋಡಿಯಂ ಏರುವುದಷ್ಟೇ ಅಲ್ಲ, ಬಿ1 ಜೀವಸತ್ವವೂ ನಾಶವಾಗುತ್ತದೆ, ಬಾಯಿಗೆ ಸೋಪಿನ ರುಚಿ ಬೇರೆ.

ಗೋಧಿ ಒಗ್ಗದವರಿಗೆ

ಈ ಬ್ರೆಡ್ಡು ನಿಜವಾಗಿ ವರವಾಗುವುದು ಸೀಲಿಯಾಕ್ ಕಾಯಿಲೆ ಇರುವವರಿಗೆ. ಇವರಿಗೆ ಗ್ಲುಟೆನ್ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಮಕ್ಕಳಲ್ಲಿ ತಿಂಗಳುಗಟ್ಟಲೆ ಭೇದಿ, ಹೊಟ್ಟೆಯುಬ್ಬರ, ಬೆಳವಣಿಗೆ ಕುಂಠಿತ, ಎಷ್ಟು ಕಬ್ಬಿಣದ ಟಾನಿಕ್ಕು ಕೊಟ್ಟರೂ ಏರದ ರಕ್ತ. ಗೋಧಿಯೇ ಮುಖ್ಯ ಆಹಾರವಾದ ಉತ್ತರ ಭಾರತದಲ್ಲಿ ಇದು ಹೆಚ್ಚು, ನಮ್ಮಲ್ಲಿ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಅಂಥವರಿಗೆ ಗೋಧಿ ಬಿಟ್ಟು ಎರಡೂ ಬಟ್ಟಲು ಮೆಕ್ಕೆಜೋಳದ ಹಿಟ್ಟನ್ನೇ ಹಾಕಿ, ಮೊಟ್ಟೆ ಎರಡು ಮಾಡಿ. ಉದುರು ಉದುರಾಗುತ್ತದೆ, ಚಮಚದಲ್ಲಿ ತಿಂದರಾಯಿತು.

ಆದರೆ ಹಿಟ್ಟು ಎಲ್ಲಿ ಬೀಸಿಸುತ್ತೀರಿ ಎಂಬುದು ಮುಖ್ಯ. ಊರ ಗಿರಣಿಯಲ್ಲಿ ನಿಮಗಿಂತ ಮುಂಚೆ ಗೋಧಿ ಬೀಸಿರುತ್ತಾರೆ. ಆ ಹಿಟ್ಟಿನ ಉಳಿಕೆಯೇ ಈ ರೋಗಿಗಳಿಗೆ ಸಾಕಾಗುತ್ತದೆ. ಮನೆಯಲ್ಲೇ ಮಿಕ್ಸಿಯಲ್ಲಿ ಬೀಸಿ, ಅಥವಾ ಗ್ಲುಟೆನ್ ಇಲ್ಲ ಎಂದು ಅಚ್ಚು ಹಾಕಿದ ಪೊಟ್ಟಣ ಕೊಳ್ಳಿ. ಮತ್ತೊಂದು ಎಚ್ಚರಿಕೆ. ಅನುಮಾನ ಬಂದ ತಕ್ಷಣ ನೀವಾಗಿಯೇ ಗೋಧಿ ಬಿಡಬೇಡಿ. ಬಿಟ್ಟು ಕೆಲವು ವಾರಗಳಾದ ಮೇಲೆ ಮಾಡಿದ ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಕಾಣದೇ ಹೋಗಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಬ್ರೆಡ್ಡೇ ಊಟವಾದಾಗ

ಈಗ ಈ ಬ್ರೆಡ್ಡಿನ ಹಿಂದಿರುವ ಒಂದು ದೊಡ್ಡ ಕಥೆ. ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ನಮಗೆ ಎರಡು ಸಾಲಿನಲ್ಲಿ ಹೇಳಿ ಮುಗಿಸಿದ್ದರು. ನಂತರ ಓದಿದಾಗ ನಾನು ಬೆರಗಾದೆ.

ಇಪ್ಪತ್ತನೇ ಶತಮಾನದ ಮೊದಲಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಪೆಲಗ್ರ ಎಂಬ ಕಾಯಿಲೆ ಹಬ್ಬಿತು. ಬಿಸಿಲು ಬೀಳುವ ಕಡೆ, ಅಂದರೆ ಕೈ, ಕಾಲು, ಕುತ್ತಿಗೆಯ ಸುತ್ತ ಚರ್ಮ ಕಪ್ಪಾಗಿ ಬಿರಿಯುವುದು, ನಾಲಿಗೆ ಕೆಂಪಾಗಿ ಉರಿಯುವುದು, ಬಿಡದ ಭೇದಿ, ಕೊನೆಗೆ ಬುದ್ಧಿಭ್ರಮಣೆ ಮತ್ತು ಸಾವು. ಮೂರು ನಾಲ್ಕು ದಶಕಗಳಲ್ಲಿ ಸುಮಾರು 30 ಲಕ್ಷ ಜನರಿಗೆ ತಗುಲಿ, ಒಂದು ಲಕ್ಷ ಮಂದಿ ಸತ್ತರೆಂದು ಅಂದಾಜು. ಅದನ್ನು ಸೋಂಕು ರೋಗ ಎಂದೇ ಬಹಳ ಮಂದಿ ವೈದ್ಯರು ನಂಬಿದ್ದರು.

1914ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಅವರನ್ನು ಇದರ ತನಿಖೆಗೆ ಕಳಿಸಿದರು. ಹುಚ್ಚಾಸ್ಪತ್ರೆಗಳಲ್ಲಿ, ಅನಾಥಾಲಯಗಳಲ್ಲಿ ಅವರು ಗಮನಿಸಿದ್ದು ಸರಳ ಸಂಗತಿ. ಒಳಗಿನವರಿಗೆ ಕಾಯಿಲೆ ಬರುತ್ತದೆ, ಹಗಲೂರಾತ್ರಿ ಅವರೊಡನೆ ಇರುವ ದಾದಿಯರಿಗೆ, ನೌಕರರಿಗೆ ಬರುವುದಿಲ್ಲ. ಸೋಂಕಾದರೆ ಹೀಗೆ ಭೇದ ಮಾಡೀತೆ? ಊಟದಲ್ಲಿ ಮಾತ್ರ ಭೇದವಿತ್ತು. ಬಡವರ ತಟ್ಟೆಯಲ್ಲಿ ಮೆಕ್ಕೆಜೋಳದ ಬ್ರೆಡ್ಡು ಇಲ್ಲವೇ ಅಂಬಲಿ, ಕೊಬ್ಬಿನ ಹಂದಿಮಾಂಸದ ಚೂರು, ಕಾಕಂಬಿ. ಹಾಲಿಲ್ಲ, ಮೊಟ್ಟೆಯಿಲ್ಲ, ಕಾಳಿಲ್ಲ. ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಬಟಾಣಿ, ಮಾಂಸ ಕೊಡಿಸಿದರು. ಕಾಯಿಲೆ ಮಾಯವಾಯಿತು. 1915ರಲ್ಲಿ ಮಿಸಿಸಿಪ್ಪಿಯ ಸೆರೆಮನೆ ತೋಟವೊಂದರಲ್ಲಿ, ಬಿಡುಗಡೆಯ ಭರವಸೆಯ ಮೇಲೆ ಒಪ್ಪಿದ 11 ಕೈದಿಗಳಿಗೆ ಜೋಳ, ಬಿಳಿ ಹಿಟ್ಟು, ಪಾಕದ ಊಟವನ್ನೇ ಕೊಟ್ಟಾಗ ಆರು ಮಂದಿಗೆ ಪೆಲಗ್ರ ಬಂತು. ಇಂದಾದರೆ ಅಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು.

ಅಷ್ಟಾದರೂ ಟೀಕಾಕಾರರು ನಂಬಲಿಲ್ಲ. ಆಗ 1916ರಲ್ಲಿ ಗೋಲ್ಡ್‌ಬರ್ಗರ್ ರೋಗಿಗಳ ರಕ್ತವನ್ನು ತಮಗೇ ಚುಚ್ಚಿಸಿಕೊಂಡರು, ಅವರ ಚರ್ಮದ ಹೊಪ್ಪಳೆ, ಮಲಮೂತ್ರಗಳನ್ನು ಹಿಟ್ಟಿನೊಡನೆ ಗುಳಿಗೆ ಮಾಡಿ ನುಂಗಿದರು. ಜೊತೆಯ ಕೆಲವು ವೈದ್ಯರೂ ಸೇರಿದರು. ಪತ್ನಿ ಮೇರಿ ಕೂಡ ರಕ್ತದ ಚುಚ್ಚುಮದ್ದು ಹಾಕಿಸಿಕೊಂಡರು. ಯಾರಿಗೂ ಪೆಲಗ್ರ ಬರಲಿಲ್ಲ. ಕೊರತೆಯಾಗಿರುವ ವಸ್ತು ಯಾವುದು ಎಂಬುದು ತಿಳಿಯುವ ಮೊದಲೇ, 1929ರಲ್ಲಿ, ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಅದು ನಯಾಸಿನ್, ಅಂದರೆ ಬಿ3 ಜೀವಸತ್ವ ಎಂಬುದು 1937ರಲ್ಲಿ ಕಾನ್ರಡ್ ಎಲ್ವೆಯೆಮ್ ಅವರ ಸಂಶೋಧನೆಯಿಂದ ಗೊತ್ತಾಯಿತು. 1940ರ ದಶಕದಲ್ಲಿ ಹಿಟ್ಟಿಗೆ ಅದನ್ನು ಬೆರೆಸತೊಡಗಿದರು.

ಮೆಕ್ಕೆಜೋಳದಲ್ಲಿ ನಯಾಸಿನ್ ಇಲ್ಲವೆಂದಲ್ಲ. ಇದೆ, ಆದರೆ ಕರುಳು ಹೀರಿಕೊಳ್ಳಲಾಗದಂತೆ ಬಂಧಿಯಾಗಿದೆ. ನಮ್ಮ ದೇಹ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದಲೂ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಮೆಕ್ಕೆಜೋಳದಲ್ಲಿ ಅದೂ ಕಡಿಮೆ. ವಿಶೇಷವೆಂದರೆ ಮೆಕ್ಕೆಜೋಳದ ತವರಾದ ಮೆಕ್ಸಿಕೊದಲ್ಲಿ ಈ ಕಾಯಿಲೆ ಕಾಡಲಿಲ್ಲ. ಅಲ್ಲಿನ ಮೂಲ ನಿವಾಸಿಗಳು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬುತ್ತಾರೆ. ಸುಣ್ಣ ಆ ಬಂಧನವನ್ನು ಬಿಡಿಸುತ್ತದೆ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟರು. ಹಾಗೆಂದು ನೀವು ಎಲೆಯಡಿಕೆಯ ಸುಣ್ಣವನ್ನು ಬ್ರೆಡ್ಡಿಗೆ ಹಾಕಲು ಹೋಗಬೇಡಿ! ಮಜ್ಜಿಗೆ, ಮೊಟ್ಟೆ, ಜೊತೆಗೊಂದು ಕಾಳಿನ ಪಲ್ಯ ಇದ್ದರೆ ಈ ಕೊರತೆ ತುಂಬುತ್ತದೆ.

ಇದು ದೂರದ ಕಥೆಯೆಂದು ಬಿಡುವಂತಿಲ್ಲ. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಶ್ರೀಕಂಠಯ್ಯ ಅವರು ಬರೀ ಜೋಳವನ್ನೇ ನಂಬಿದ ಬಡ ಕೂಲಿಗಾರರಲ್ಲಿ ಪೆಲಗ್ರ ಇರುವುದನ್ನು 1960ರಲ್ಲಿ ಪ್ರಕಟಿಸಿದರು. ನಮ್ಮ ಉತ್ತರ ಕರ್ನಾಟಕದ ರೊಟ್ಟಿಯ ಊಟದಲ್ಲಿ ಬೇಳೆ, ಶೇಂಗಾ ಚಟ್ನಿ, ಪುಂಡಿಪಲ್ಯ, ಮೊಸರು ಇರುತ್ತವೆ. ಅವು ಇಲ್ಲದ ತಟ್ಟೆಯಲ್ಲಿ ಕಾಯಿಲೆ ಬರುತ್ತದೆ. ಈಗ ನಾನು ಪೆಲಗ್ರ ನೋಡುವುದು ಹೆಚ್ಚಾಗಿ ಊಟ ಬಿಟ್ಟು ಕುಡಿಯುವವರಲ್ಲಿ, ಅಪರೂಪಕ್ಕೆ ಕ್ಷಯಕ್ಕೆ ಐಸೋನಿಯಾಜಿಡ್ ನುಂಗುತ್ತಿರುವ ಬಡಕಲು ರೋಗಿಗಳಲ್ಲಿ. ಕೈಯ ಮೇಲೆ ಕೈಗವಸು ಹಾಕಿದಂತೆ, ಕುತ್ತಿಗೆಗೆ ಸರ ಹಾಕಿದಂತೆ ಕಪ್ಪು ಚರ್ಮ ಕಂಡರೆ, ಜೊತೆಗೆ ಭೇದಿ, ಮರೆವು ಇದ್ದರೆ, ಬಿಸಿಲಿನ ಅಲರ್ಜಿ ಎಂದು ಮುಲಾಮು ಹಚ್ಚುತ್ತಾ ಕೂರಬೇಡಿ. ಸಕಾಲದಲ್ಲಿ ಬಂದರೆ ಅಗ್ಗದ ಮಾತ್ರೆಯಲ್ಲಿ ಕೆಲವೇ ದಿನಗಳಲ್ಲಿ ಗುಣ ಕಾಣುವ ಕಾಯಿಲೆ ಇದು. ಕ್ಷಯದ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ.

ಬೂಷ್ಟು ಹಿಡಿದ ಕಾಳು

ದಾವಣಗೆರೆ, ಹಾವೇರಿ ಸೀಮೆಯಲ್ಲಿ ಬೆಳೆಯುವ ಮೆಕ್ಕೆಜೋಳದ ಬಹುಪಾಲು ಹೋಗುವುದು ಕೋಳಿ ಮತ್ತು ದನದ ಮೇವಿಗೆ. ಆ ರಾಶಿಯಿಂದ ಅಗ್ಗಕ್ಕೆ ತಂದು ಬೀಸಿಸುವವರಿದ್ದಾರೆ. ಕೊಯ್ಲಿನ ಹೊತ್ತಿಗೆ ಮಳೆ ಬಂದು ಕಾಳು ಸರಿಯಾಗಿ ಒಣಗದಿದ್ದರೆ ಅದರಲ್ಲಿ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. 1974ರಲ್ಲಿ ರಾಜಸ್ಥಾನದ ಬಾನ್ಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಇಂಥ ಮೆಕ್ಕೆಜೋಳ ತಿಂದು ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಆಹಾರ ತಿಂದ ಮನೆಯ ನಾಯಿಗಳೂ ಸತ್ತವು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರಿನ ಭಯವಿದೆ. ಓವನ್ನಿನ 200 ಡಿಗ್ರಿ ಶಾಖಕ್ಕೆ ಈ ವಿಷ ಪೂರ್ತಿ ನಾಶವಾಗುವುದಿಲ್ಲ. ಕಾಳು ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಹಸಿರು, ಬೂದಿ ಬಣ್ಣ, ಮೂಲೆಯಲ್ಲಿ ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ಬೇಡ. ಹಿಟ್ಟಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಬೇಗ ಕನಕಲು ವಾಸನೆ ಬರುತ್ತದೆ. ಎರಡು ಮೂರು ವಾರಕ್ಕೆ ಬೇಕಾದಷ್ಟೇ ಬೀಸಿಸಿ, ಫ್ರಿಜ್ಜಿನಲ್ಲಿಡಿ. ಮಾಡಿದ ಬ್ರೆಡ್ಡು ಹೊರಗೆ ಒಂದೆರಡು ದಿನ, ಫ್ರಿಜ್ಜಿನಲ್ಲಿ ನಾಲ್ಕೈದು ದಿನ. ಒಂದು ಮೂಲೆಯಲ್ಲಿ ಬೂಷ್ಟು ಕಂಡರೆ ಆ ಮೂಲೆ ಕತ್ತರಿಸಿ ಉಳಿದದ್ದು ತಿನ್ನುವ ಜಾಣತನ ಬೇಡ, ಎಲ್ಲವನ್ನೂ ಬಿಸಾಡಿ.

ನಮ್ಮ ಶಿಕ್ಷಕಿ ಕಳೆದ ವಾರ ಬಂದಿದ್ದರು. ಈಗ ಹಳದಿ ಹಿಟ್ಟು, ಗೋಧಿ, ಮೆಂತ್ಯ ಸೊಪ್ಪು ಹಾಕಿ ಮಾಡುತ್ತಾರೆ, ಬೆಳಿಗ್ಗೆ ಒಂದು ತುಂಡು. ಎಚ್‌ಬಿ ಎ1ಸಿ 7.6ಕ್ಕೆ ಇಳಿದಿದೆ. ನಡುವೆ ನಾನು ಮಾತ್ರೆಯನ್ನೂ ಸ್ವಲ್ಪ ಏರಿಸಿದ್ದೆ, ಆದ್ದರಿಂದ ಎಲ್ಲ ಶ್ರೇಯಸ್ಸು ಬ್ರೆಡ್ಡಿಗೇ ಸಲ್ಲದು. "ಮೊಮ್ಮಗ ಈಗ ಮುಟ್ಟೋದೂ ಇಲ್ಲ ಡಾಕ್ಟ್ರೇ, ಸಪ್ಪೆ ಅಂತಾನೆ" ಎಂದರು. ಅವನ ಪಾಲಿಗೆ ಬೇರೆ ಗುಳಿಯಲ್ಲಿ ಅರ್ಧ ಚಮಚ ಬೆಲ್ಲದ ಪುಡಿ ಹಾಕಿ, ಆ ಗುಳಿಗೆ ಗುರುತಿಗೊಂದು ದ್ರಾಕ್ಷಿ ಸಿಕ್ಕಿಸಿಡಿ ಎಂದು ಹೇಳಿ ಕಳಿಸಿದೆ.